ನಿಮ್ಮ ಕುರ್ಚಿ ತೋರಿಸಿ

ಬೆಳಗಿನ ಐದೂಕಾಲು. ಮೈದಾನದ ಮೂಲೆಯಲ್ಲಿರುವ ಸಾಮಾನು ಕೋಣೆಯ ಬಾಗಿಲು ಸುಮ್ಮನೆ ತೆರೆಯುವುದಿಲ್ಲ, ಭುಜ ಕೊಟ್ಟು ನೂಕಬೇಕು. ನೂಕುತ್ತಿರುವವರಿಗೆ ಐವತ್ತಾರು ವರ್ಷ, ಇಲ್ಲಿನ ಕ್ರಿಕೆಟ್ ಕ್ಲಬ್ಬಿನವರಿಗೆ ಕಸರತ್ತು ಮಾಡಿಸುವವರು. ತುಕ್ಕು ಹಿಡಿದ ಎರಡು ಕಬ್ಬಿಣದ ರಾಡು, ತೂಕದ ಬಿಲ್ಲೆಗಳು, ಲಾರಿಯ ಹಳೆಯ ಟೈರು, ಎಂಟೆಂಟು ಕಿಲೋ ಮರಳು ತುಂಬಿದ ಹನ್ನೆರಡು ಚೀಲಗಳು ಒಂದೊಂದಾಗಿ ಹೊರಗೆ ಬರುತ್ತವೆ. ಚೀಲಗಳನ್ನು ಹೊಲಿದುಕೊಟ್ಟವರು ತಂಡದ ಆರಂಭಿಕ ಬ್ಯಾಟ್ಸ್‌ಮನ್. ವಾರದಲ್ಲಿ ಆರು ದಿನ ಅವರು ದರ್ಜಿ. ಎಲ್ಲವನ್ನೂ ಒದ್ದೆ ಹುಲ್ಲಿನ ಮೇಲೆ ಸಾಲಾಗಿಟ್ಟು, ಇವರು ಗೇಟಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಬರುವವರು ನಡೆದು ಬರುವುದನ್ನು ನೋಡುವುದೇ ಇವರ ದಿನದ ಮೊದಲ ಕೆಲಸ.

ಇವರಿಗೆ ಆಟಗಾರರು ಇಟ್ಟ ಹೆಸರು ‘ಇನ್ನೊಂದ್ಸಲ ಸರ್’. ಬಸ್ಕಿ ಹೊಡೆದು ಉಸ್ಸಪ್ಪಾ ಎಂದು ಕೂರಲು ಹೊರಟವರ ಪಕ್ಕ ಬಂದು ಮೆಲ್ಲಗೆ “ಇನ್ನೊಂದ್ಸಲ” ಅನ್ನುವುದು ಇವರ ಹಳೆಯ ಚಾಳಿ. ಇಪ್ಪತ್ತೆರಡು ಜನ ಇವರ ಕೈಯಲ್ಲಿದ್ದಾರೆ. ಬ್ಯಾಂಕಿನ ಕ್ಯಾಷಿಯರ್, ಹಲ್ಲಿನ ಡಾಕ್ಟರ್, ಬಣ್ಣದ ಅಂಗಡಿ ಮಾಲೀಕ, ಬಸ್ ಚಾಲಕ. ಯಾರೂ ದೇಶಕ್ಕೆ ಆಡುವವರಲ್ಲ, ಜಿಲ್ಲೆಗೂ ಆಡುವವರಲ್ಲ. ಭಾನುವಾರ ಆಡಿ ಸೋಮವಾರ ಕುಂಟುತ್ತಾ ಆಫೀಸಿಗೆ ಹೋಗದಿದ್ದರೆ ಸಾಕು ಎಂಬಷ್ಟೇ ಆಸೆ ಅವರದು. ದಿನಕ್ಕೆ ಇಪ್ಪತ್ತು ಮೀಟರಿನ ಹನ್ನೆರಡು ಓಟ, ಸುತ್ತಿಗೆ ಎಂಟು ಸಲದಂತೆ ಮೂರು ಸುತ್ತು ಭಾರ, ಬೌಲರುಗಳಿಗೆ ಮೂವತ್ತೇ ಎಸೆತ. ಮೂವತ್ತೊಂದನೆಯದಕ್ಕೆ ಓಡಲು ಹೊರಟರೆ ಚೆಂಡು ಇವರ ಜೇಬು ಸೇರುತ್ತದೆ.

ಹೊಸಬರು ಬಂದರೆ ಇವರು ಬ್ಯಾಟಿಂಗೋ ಬೌಲಿಂಗೋ ಎಂದು ಕೇಳುವುದಿಲ್ಲ. “ನಿಮ್ಮ ಕುರ್ಚಿ ತೋರ್ಸಿ” ಅನ್ನುತ್ತಾರೆ. ಬಂದವರು ಕಕ್ಕಾಬಿಕ್ಕಿ. ಇವರು ಮಾತ್ರ ತಮಾಷೆ ಮಾಡುತ್ತಿಲ್ಲ. ಅವರವರು ಕೆಲಸ ಮಾಡುವ ಜಾಗಕ್ಕೆ ಹೋಗಿ, ದಿನವಿಡೀ ಅವರು ಹೇಗೆ ಕೂರುತ್ತಾರೆ, ಯಾವ ಕಡೆ ವಾಲುತ್ತಾರೆ ಎಂದು ನೋಡಿ ಬಂದ ಮೇಲೇ ಭಾರ ಎತ್ತಿಸುವುದು. ಡಾಕ್ಟರ್ ಬಲಕ್ಕೆ ಬಗ್ಗಿ ಬಗ್ಗಿ ಒಂದು ಭುಜ ಇಳಿಬಿದ್ದಿದೆ. ದರ್ಜಿಯ ಕತ್ತು ಮುಂದಕ್ಕೆ ಬಂದುಬಿಟ್ಟಿದೆ. “ಆಡೋದು ವಾರಕ್ಕೆ ಮೂರು ಗಂಟೆ, ಕೂರೋದು ಅರವತ್ತು ಗಂಟೆ. ಇವರನ್ನ ಹಾಳು ಮಾಡಿರೋದು ಕ್ರಿಕೆಟ್ ಅಲ್ಲ, ಕುರ್ಚಿ” ಎನ್ನುತ್ತಾರೆ.

ಇಷ್ಟು ಬಲ್ಲವರಿಗೂ ಈ ಸಲ ಕಣ್ಣು ತಪ್ಪಿದೆ. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ತಂಡ ಫೈನಲ್ ತಲುಪಿದೆ. ತಲುಪಿಸಿದ್ದು ಮೂವತ್ನಾಲ್ಕು ವರ್ಷದ ಬಸ್ ಚಾಲಕನ ವೇಗದ ಬೌಲಿಂಗ್. ಫೈನಲ್ ಇದ್ದ ವಾರದ ಮಂಗಳವಾರ, ಮರಳು ಚೀಲ ಇಳಿಸುತ್ತಿದ್ದಾಗ ಅವನ ಕೈ ಸೊಂಟಕ್ಕೆ ಹೋಗುತ್ತದೆ. ಇವರು ಕರೆದು, ಒಂದು ಕಾಲ ಮೇಲೆ ನಿಂತು ಹಿಂದಕ್ಕೆ ಬಾಗು ಎನ್ನುತ್ತಾರೆ. ಅವನು ಬಾಗುತ್ತಾನೆ, ಹಲ್ಲು ಕಚ್ಚುತ್ತಾನೆ.

“ಎಷ್ಟು ದಿನದಿಂದ?”

“ಒಂದು ತಿಂಗಳಾಯ್ತು ಸರ್. ಅಂಥದ್ದೇನಿಲ್ಲ.”

ಕೆದಕಿದಾಗ ಗೊತ್ತಾಗುತ್ತದೆ, ಅವನಿಗೆ ಬೇರೆ ಬಸ್ಸು ಕೊಟ್ಟು ಎರಡು ತಿಂಗಳಾಗಿದೆ. ಸೀಟಿನ ಸ್ಪ್ರಿಂಗು ಸತ್ತಿದೆ, ದಾರಿ ದೂರದ್ದು. ಅವನು ಹೇಳಲಿಲ್ಲ, ಇವರು ಹಳೆಯ ಸೀಟಿನ ಲೆಕ್ಕದಲ್ಲೇ ಭಾರ ಏರಿಸುತ್ತಾ ಹೋದರು. “ತಪ್ಪು ನಂದೇ. ಸೀಟು ಬದಲಾದಾಗ ನಾನು ಹೋಗಿ ನೋಡ್ಬೇಕಿತ್ತು” ಎಂದು ತಲೆ ತಗ್ಗಿಸುತ್ತಾರೆ.

ಇನ್ನೊಂದ್ಸಲ ಅನ್ನುವ ಬಾಯಿ ಅವತ್ತು “ಸಾಕು” ಅನ್ನುತ್ತದೆ. ಭಾನುವಾರ ಬೌಲಿಂಗ್ ಬೇಡ. ಬಣ್ಣದ ಅಂಗಡಿ ಮಾಲೀಕರಿಗೆ, ಅಂದರೆ ಕ್ಯಾಪ್ಟನ್ನಿಗೆ, ಕೋಪ ನೆತ್ತಿಗೇರುತ್ತದೆ. “ಒಂದೇ ಮ್ಯಾಚು ಸರ್! ನೀವೇನು ಡಾಕ್ಟ್ರಾ?” ಮೂಳೆ ಡಾಕ್ಟರನ್ನು ಕಾಣಲು ಸಿಕ್ಕಿರುವ ದಿನ ಫೈನಲ್ ಮುಗಿದ ಮೇಲಿನ ಗುರುವಾರ. ಅಲ್ಲಿಯವರೆಗೆ ಇರುವುದು ಇವರ ಮಾತೊಂದೇ. ಅದನ್ನು ಕೇಳಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ.

ಇಂಥದ್ದೇ ಮಾತನ್ನು ಇವರಿಗೆ ಹೇಳುವವರು ಇರಲಿಲ್ಲ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಇವರೂ ವೇಗದ ಬೌಲರ್. ಸೊಂಟ ಹಿಡಿದಿತ್ತು, ಒಂದೇ ಮ್ಯಾಚು ಅಂದರು ತಂಡದವರು, ಇವರು ಆಡಿದರು. ನಾಲ್ಕನೆಯ ಓವರಿನಲ್ಲಿ ಕುಸಿದವರು ಎಂಟು ತಿಂಗಳು ಅಂಗಾತ ಮಲಗಿದರು. ಆಮೇಲೆ ಚೆಂಡು ಹಿಡಿದು ಓಡಿದ್ದೇ ಇಲ್ಲ. ಮದುವೆ ಗೊತ್ತಾಗಿದ್ದ ಹುಡುಗಿಯ ಮನೆಯವರು ಹಿಂದೆ ಸರಿದರು. ಮತ್ತೆ ಯಾರೂ ಮುಂದೆ ಬರಲಿಲ್ಲ, ಇವರೂ ಹುಡುಕಲಿಲ್ಲ. ಔಷಧಿ ಗೋದಾಮಿನಲ್ಲಿ ಉಗ್ರಾಣದ ಕೆಲಸ, ಮುದ್ರಣಾಲಯದ ಮೇಲೊಂದು ಕೋಣೆ, ವಾರಕ್ಕೊಮ್ಮೆ ಅಕ್ಕನ ಫೋನು. ಬದುಕು ಅಷ್ಟಕ್ಕೇ ನಿಂತಿದೆ.

ಭಾನುವಾರದ ಪಂದ್ಯಗಳಿಗೆ ಇವರು ಹೋಗುವುದಿಲ್ಲ. ಮೊದಮೊದಲು ಕರೆಯುತ್ತಿದ್ದರು, ಈಗ ಕರೆಯುವುದನ್ನೂ ಬಿಟ್ಟಿದ್ದಾರೆ. ಕ್ಲಬ್ಬಿನ ಗೋಡೆಯ ಮೇಲಿರುವ ತಂಡದ ಹನ್ನೊಂದು ಫೋಟೋಗಳಲ್ಲಿ ಇವರು ಇರುವುದು ಒಂದರಲ್ಲಿ, ಅದೂ ಬರೀ ಮೊಣಕೈ. ಯಾಕೆ ಹೋಗುವುದಿಲ್ಲ ಎಂದರೆ ಕುಂಟುನೆಪ ಹೇಳುವುದಿಲ್ಲ. “ಹೊಟ್ಟೆ ಉರಿಯುತ್ತೆ. ಅವರು ಓಡಿ ಬರೋದು ನೋಡಿದ್ರೆ ನನ್ನ ಕಾಲೂ ಓಡುತ್ತೆ. ಸುಳ್ಳು ಯಾಕೆ ಹೇಳ್ಲಿ?”

ಕ್ಯಾಪ್ಟನ್ನಿನ ಕೋಪ ತಂಡಕ್ಕೂ ಅಂಟುತ್ತದೆ. ಬುಧವಾರ ಹದಿಮೂರು ಜನ ಬರುತ್ತಾರೆ. ಗುರುವಾರ ಆರು. ಶುಕ್ರವಾರ ದರ್ಜಿ ಒಬ್ಬರೇ ಬಂದು, ಮೂರು ಓಟ ಓಡಿ, ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಡುತ್ತಾರೆ. ಶನಿವಾರ ಯಾರೂ ಇಲ್ಲ. ಆದರೂ ಇವರು ಹನ್ನೆರಡು ಚೀಲಗಳನ್ನೂ ಹೊರಗಿಟ್ಟು ಏಳು ಗಂಟೆಯವರೆಗೆ ಗೇಟು ನೋಡಿ, ಅಷ್ಟನ್ನೂ ಮತ್ತೆ ಒಳಗೆ ಹೊರುತ್ತಾರೆ. ಇಷ್ಟು ಒಂಟಿ ಅನ್ನಿಸಿದ್ದು ಹಾಸಿಗೆ ಹಿಡಿದ ಆ ಎಂಟು ತಿಂಗಳಲ್ಲಿ ಮಾತ್ರ ಎಂದು ಆಮೇಲೆ ಹೇಳುತ್ತಾರೆ.

ಭಾನುವಾರ ಕೆಳಗಿನ ಮುದ್ರಣ ಯಂತ್ರಗಳಿಗೂ ರಜೆ, ಕೋಣೆ ಗವ್ ಅನ್ನುತ್ತದೆ. ಒಗೆದ ಅಂಗಿಯನ್ನೇ ಮತ್ತೆ ಒಗೆಯುತ್ತಾರೆ. ಅಕ್ಕ ಫೋನ್ ಮಾಡಿದರೆ, ಆಮೇಲೆ ಮಾಡ್ತೀನಿ ಕಣೇ ಎಂದು ಇಟ್ಟುಬಿಡುತ್ತಾರೆ. ನಾಲ್ಕೂವರೆಗೆ ಕ್ಯಾಷಿಯರ್ ಫೋನ್ ಬರುತ್ತದೆ. ಅವರೇ ವಿಕೆಟ್ ಕೀಪರ್.

“ಸೋತ್ವಿ ಸರ್. ಕೊನೇ ಓವರಲ್ಲಿ ಹೊಡೆದುಬಿಟ್ರು.”

“ಅವನು ಬೌಲಿಂಗ್ ಮಾಡಿದ್ನಾ?”

“ಇಲ್ಲ. ಬಿಳಿ ಬಟ್ಟೇನೇ ಹಾಕ್ಕೊಂಡು ಬಂದಿರ್ಲಿಲ್ಲ. ಕ್ಯಾಪ್ಟನ್ ಜಪ್ಪಯ್ಯ ಅಂದ್ರೂ ಏಳ್ಲಿಲ್ಲ.”

ಇವರು ಮಂಚದ ಅಂಚಿಗೆ ಕೂರುತ್ತಾರೆ. “ಏನಾದ್ರೂ ಅಂದ್ನಾ?”

“ಫೈನಲ್ ಆಡೋದನ್ನ ತಪ್ಪಿಸಿಬಿಟ್ರು, ಇನ್ಮೇಲೆ ಅವರ ಮುಖ ನೋಡಲ್ಲ ಅಂತ ಅಳ್ತಿದ್ದ ಸರ್. ಬೇಜಾರ್ ಮಾಡ್ಕೋಬೇಡಿ.”

ಬೇಜಾರಾಗಿದೆ. ಹನ್ನೊಂದು ವರ್ಷದಿಂದ ಕೈಯಾರೆ ಬೆಳೆಸಿದವನು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂರುತ್ತಾರೆ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

“ಮುಖ ನೋಡದಿದ್ರೆ ಬಿಡ್ಲಿ” ಎನ್ನುತ್ತಾರೆ ಕೊನೆಗೆ, ತಮ್ಮಷ್ಟಕ್ಕೇ. “ಇನ್ನೂ ಹತ್ತು ವರ್ಷ ಓಡಿ ಬಂದು ಬೌಲ್ ಮಾಡ್ಬೇಕು ಅವನು. ನನ್ನ ಹತ್ರ ಮಾತಾಡ್ದೇನೇ ಮಾಡ್ಲಿ.”