ಬೋರಮ್ಮನ ಬಾಯಿಗೆ ಮಾತು ಹುಡುಕಿದ ದೇವಕಿ

ದೇವಕಿಯ ಮುತ್ತಾತ ತಿರುಮಲಯ್ಯ ಮಧುಗಿರಿ ಸೀಮೆಯವನು. ಪ್ಲೇಗು ಬಂದು ಊರೆಲ್ಲ ಹೊಲದ ಗುಡಿಸಲು ಸೇರಿದ ವರ್ಷ, ಜನ ಮನೆಯಾಸೆಗೆ ಊರೊಳಕ್ಕೆ ಓಡದಂತೆ ಮೂರು ತಿಂಗಳು ಒಂದೇ ಕತೆ ಹೇಳಿ ಹಿಡಿದು ಕೂರಿಸಿದ. ಅವನು ಕತೆ ಹೇಳುತ್ತಿದ್ದರೆ ಯಮನೂ ಬೇಲಿಯಾಚೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದ ಎಂದು ಆ ಕಡೆಯವರು ಹೇಳುತ್ತಿದ್ದರು. ಅವನ ಸೊಸೆ ಪುಟ್ಟಗೌರಮ್ಮ ಅಕ್ಷರದ ಮುಖ ಕಂಡವಳಲ್ಲ. ಆದರೆ ರಾಗಿಕಲ್ಲಿನ ಮುಂದೆ ಕೂತರೆ ಎದುರು ಬಂದವರ ಮೇಲೆ ಅಲ್ಲೇ ಪದ ಕಟ್ಟಿಬಿಡುತ್ತಿದ್ದಳು. ಅಮಲ್ದಾರನ ಮೇಲೂ ಒಂದು ಕಟ್ಟಿದಳಂತೆ. ಅವನು ಮತ್ತೆ ಆ ಬೀದಿಗೆ ಕುದುರೆ ಹತ್ತಿ ಬರಲಿಲ್ಲ. ಆಕೆಯ ಮಗ ವೆಂಕಟಸುಬ್ಬಯ್ಯ ಮೇಷ್ಟ್ರು. ಸಂತೆಯ ದಿನ ಪುಸ್ತಕದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮೂರು ಊರು ತಿರುಗಿ, ಓದಲು ಬಾರದವರಿಗೆ ಓದಿ ಹೇಳಿ ಬರುತ್ತಿದ್ದರು. ದೇವಕಿ ಅವರ ಮಗಳು. ಇಷ್ಟನ್ನು ಮೊದಲೇ ಹೇಳಿದೆ, ಆಕೆಗೆ ಬರೆಯಲು ಬರುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು.

ಕೇಂದ್ರ ಸರ್ಕಾರದ ನೌಕರ ದಕ್ಷಿಣಾಮೂರ್ತಿಯವರ ಕೈ ಹಿಡಿದು ಆಕೆ ದೆಹಲಿಗೆ ಬಂದದ್ದು ಎಪ್ಪತ್ನಾಲ್ಕರಲ್ಲಿ. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಅವರದು ಮೇಲಿನ ಮನೆ, ನಮ್ಮದು ಕೆಳಗಿನದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಜವಾನನಾಗಿ ಬಂದು, ಕಂಡದ್ದನ್ನೆಲ್ಲ ಓದಿ ಓದಿ ಗುಮಾಸ್ತನಾದವನು ನಾನು. ದೇವಕಿ ಬರೆದದ್ದನ್ನು ಮೊದಲು ಓದುತ್ತಿದ್ದವನೂ ನಾನೇ. ಓದು ಮುಗಿಸಿ ನಾನು ತಲೆದೂಗಿದರೆ ಮಾತ್ರ ಲಕೋಟೆ ಅಂಚೆಗೆ ಹೋಗುತ್ತಿತ್ತು.

ಚಳಿಗಾಲದಲ್ಲಿ ಗಂಡಸರು ಆಫೀಸಿಗೆ ಹೊರಟ ಮೇಲೆ ಕ್ವಾರ್ಟರ್ಸಿನ ಹಿಂದಿನ ಹುಲ್ಲಿನ ಮೇಲೆ ನಮ್ಮ ಕಡೆಯ ಹೆಂಗಸರೆಲ್ಲ ಬಿಸಿಲಿಗೆ ಸೇರುತ್ತಿದ್ದರು. ಒಬ್ಬಳ ಮಡಿಲಲ್ಲಿ ಬಟಾಣಿ, ಇನ್ನೊಬ್ಬಳ ಕೈಯಲ್ಲಿ ಸ್ವೆಟರಿನ ಕಡ್ಡಿ. ನಡುವೆ ನನ್ನ ಹೆಂಡತಿ ಲೀಲಮ್ಮನ ಬಾಯಿ. ಆ ಬಾಯಿಗೆ ಬೀಗವೂ ಇಲ್ಲ, ಅಗುಳಿಯೂ ಇಲ್ಲ. ದೇವಕಿ ಸುಮ್ಮನೆ ಕೂತು ಬಟಾಣಿ ಬಿಡಿಸಿ, ಬಿಸಿಲು ಸರಿದಾಗ ಮೇಲೆ ಹೋಗಿ ಬರೆಯುತ್ತಿದ್ದಳು. ಹಾಗೆ ಎರಡು ಕಾದಂಬರಿಗಳಾದವು. ಕತೆಯ ಹೆಂಗಸರು ಮಧುಗಿರಿ ಕಡೆಯವರು. ಆದರೆ ಅವರ ಮಾತಿನ ಕಾವು ಆ ಹುಲ್ಲಿನ ಮೇಲಿನದು. ಇದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡು ಸಾವಿರದ ಆರರಲ್ಲಿ. ದಕ್ಷಿಣಾಮೂರ್ತಿಯವರು ನಿವೃತ್ತರಾಗಿ ಕ್ವಾರ್ಟರ್ಸ್ ಬಿಡಬೇಕಾಯಿತು. ನನ್ನ ಮಗನಿಗೂ ಸರ್ಕಾರಿ ನೌಕರಿಯಿದ್ದುದರಿಂದ ನಮ್ಮ ಮನೆ ಅವನ ಹೆಸರಿಗಾಗಿ ನಾವು ಅಲ್ಲೇ ಉಳಿದೆವು. ಅವರು ಜನಕಪುರಿಯ ಮೂರನೇ ಮಹಡಿಯ ಫ್ಲ್ಯಾಟಿಗೆ ಹೋದರು. ಆಗ ಬೆಂಗಳೂರಿನ ವಾರಪತ್ರಿಕೆಯೊಂದರಲ್ಲಿ ದೇವಕಿಯ ಮೂರನೆಯ ಕಾದಂಬರಿ ಕಂತು ಕಂತಾಗಿ ಬರುತ್ತಿತ್ತು. ಇಪ್ಪತ್ತೆರಡು ಕಂತು ಅಚ್ಚಾಗಿತ್ತು, ಇನ್ನು ಮೂರು ಉಳಿದಿತ್ತು. ಕಥಾನಾಯಕಿ ಬೋರಮ್ಮ ಇಪ್ಪತ್ತು ವರ್ಷದ ಮೇಲೆ ತವರಿಗೆ ಮರಳಿ, ಬಾಗಿಲಲ್ಲಿ ನಿಂತಿದ್ದಾಳೆ. ಒಳಗಿನಿಂದ ಅತ್ತಿಗೆ ಬಂದಿದ್ದಾಳೆ. ಬೋರಮ್ಮ ಮೊದಲ ಮಾತು ಆಡಬೇಕು. ಅಲ್ಲಿಗೆ ಲೇಖನಿ ನಿಂತಿತು. ಏನು ಬರೆದರೂ ರೇಡಿಯೋ ವಾರ್ತೆ ಓದಿದಂತಿರುತ್ತಿತ್ತು.

ಸಂಪಾದಕರು ಫೋನು ಮಾಡಿ ಫೆಬ್ರವರಿ ಕೊನೆಯವರೆಗೆ ಕಾಯುತ್ತೇವೆ ಎಂದರು. ಆಮೇಲೆ ಬೆಂಗಳೂರಿನ ಬೇರೊಬ್ಬರಿಂದ ಬರೆಸಿ ಮುಗಿಸುತ್ತಾರೆ. ಹೆಸರು ಮಾತ್ರ ದೇವಕಿಯದೇ ಇರುತ್ತದೆ.

ಮಗಳು ಲಾವಣ್ಯಾ ಗುರಗಾಂವಿನಲ್ಲಿ ಕೆಲಸಕ್ಕಿದ್ದಳು. "ಅಮ್ಮಾ, ತುಮ್ ನಾ, ನಿನಗೆ ನೀನೇ ಒಂದು ಟ್ರೀಟ್ ಕೊಟ್ಕೋ. ಬುಕ್ಸ್ ತಗೋ, ಮ್ಯೂಸಿಕ್ ಕೇಳು, ಪಿಕ್ಚರ್ ನೋಡು. ಇನ್‌ಸ್ಪಿರೇಶನ್ ಅಪನೇ ಆಪ್ ಬರತ್ತೆ," ಎಂದಳು.

"ಹೂಂ, ಹಾಲಿನವನ ಥರಾ ಬೆಳಗ್ಗೆ ಬಂದು ಬೆಲ್ ಮಾಡತ್ತೆ," ಎಂದರು ದಕ್ಷಿಣಾಮೂರ್ತಿ ಪತ್ರಿಕೆಯ ಹಿಂದಿನಿಂದ.

ಆದರೂ ದೇವಕಿ ಹೊರಟಳು. ಮದುವೆಯಾದಾಗಿನಿಂದ ತನಗೆಂದು ಒಂದು ಸಂಜೆ ಇಟ್ಟುಕೊಂಡವಳಲ್ಲ. ಭಾನುವಾರ ಮೆಟ್ರೋ ಹತ್ತಿ, ರಿಕ್ಷಾ ಹಿಡಿದು, ದರಿಯಾಗಂಜಿನ ಫುಟ್‌ಪಾತಿನಲ್ಲಿ ಹರಡಿದ ಪುಸ್ತಕಗಳ ನಡುವೆ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡಳು. "ಕನ್ನಡ? ಮದ್ರಾಸೀ ಕಾ ಏಕ್ ಹೈ, ಮಾತಾಜೀ," ಎಂದು ಅಂಗಡಿಯವನು ಭಕ್ತಿಯಿಂದ ತೆಗೆದುಕೊಟ್ಟದ್ದು ಮಲಯಾಳದ ಅಡುಗೆ ಪುಸ್ತಕ. ಇಂಗ್ಲಿಷು, ಹಿಂದಿ ಕಾದಂಬರಿಗಳನ್ನು ಹೊತ್ತು ತಂದಳು. ಒಳ್ಳೆಯವೇ ಇದ್ದವು. ಓದಿ ಕೆಳಗಿಟ್ಟರೆ ಬೋರಮ್ಮನ ಬಾಯಲ್ಲಿ ಹಿಂದಿ ಬರುತ್ತಿತ್ತು. ಸಿ.ಡಿ. ತಂದು ಮಧ್ಯಾಹ್ನವೆಲ್ಲ ವೀಣೆ ಕೇಳಿದಳು. ನಿದ್ದೆ ಚೆನ್ನಾಗಿ ಬಂತು. ಒಬ್ಬಳೇ ಹೋಗಿ ವಾರಕ್ಕೊಂದು ಸಿನಿಮಾ ನೋಡಿದಳು. ಪಕ್ಕದ ಸೀಟಿನ ಹುಡುಗಿಯರು "ಆಂಟೀ, ರೋ ರಹೀ ಹೋ?" ಎಂದು ಕರವಸ್ತ್ರ ಕೊಟ್ಟರಂತೆ.

"ಚಿತ್ರ ಅಷ್ಟು ದುಃಖದ್ದಾ?" ಎಂದು ಕೇಳಿದೆ.

"ಇಲ್ಲ ಅಣ್ಣ, ನಗೋ ಚಿತ್ರ. ಅದರಲ್ಲಿ ಒಬ್ಬಳು ಬಾಗಿಲು ತೆಗೆದು ಏನೋ ಅಂದಳು. ಎಷ್ಟು ಸಲೀಸಾಗಿ ಅಂದಳು!"

ಕರು ಮುಟ್ಟದೆ ಹಸು ಹಾಲಿಳಿಸುವುದಿಲ್ಲ. ಮೇವು ಎಷ್ಟು ಹಾಕಿದರೇನು? ಆ ದಿನ ನನಗೆ ಹೊಳೆಯಿತು, ಆಕೆಗೆ ಬೇಕಾದದ್ದು ಆ ಬಿಸಿಲಿನ ಹರಟೆ. ಮನೆಗೆ ಬಂದು ಲೀಲಮ್ಮನಿಗೆ ವಿವರಿಸಿ ಹೇಳಿದೆ: "ನಿನ್ನ ಮಾತಿನಿಂದಲೇ ಕಣೇ ಆ ಪುಸ್ತಕಗಳಾದದ್ದು. ಒಂದು ದಿನ ಹೋಗಿ ಮಾತಾಡಿ ಬಾ." ಅದೇ ನಾನು ಮಾಡಿದ ತಪ್ಪು. ಬಟಾಣಿ ತೆಗೆದುಕೊಂಡು ಹೋಗೋಣ ಎಂದಷ್ಟೇ ಹೇಳಿ ಕರೆದೊಯ್ದಿದ್ದರೆ ಸಾಕಿತ್ತು.

ಮರುದಿನ ಲೀಲಮ್ಮ ಮಗನ ಮದುವೆಯಲ್ಲಿ ಉಟ್ಟ ರೇಷ್ಮೆ ಸೀರೆ ಉಟ್ಟು ನನ್ನ ಜೊತೆ ಹೊರಟಳು. ಜನಕಪುರಿಯ ಬಾಲ್ಕನಿಯಲ್ಲಿ ಬಿಸಿಲಿತ್ತು, ಕಾಫಿಯಿತ್ತು, ಬಟಾಣಿಯಿತ್ತು. ಎದುರಿಗೆ ದೇವಕಿ. ಲೀಲಮ್ಮ ಗಂಟಲು ಸರಿಮಾಡಿಕೊಂಡಳು.

"ದೇವಕಿಯವರೇ, ತಾವು ಕ್ಷೇಮವಾಗಿದ್ದೀರಾ? ದೆಹಲಿಯ ಹವಾಮಾನವು ಈ ಬಾರಿ ಬಹಳ ಶೀತಲವಾಗಿದೆ."

ನನಗೆ ಕಾಫಿ ನೆತ್ತಿಗೇರಿತು. "ಏನೇ ಇದು? ನೆಟ್ಟಗೆ ಮಾತಾಡೇ!"

"ನೀವು ಸುಮ್ಮನಿರ್ರೀ. ನಾಳೆ ಅಚ್ಚಾಗೋ ಮಾತು. ಹೆಂಗೆಂಗೋ ಆಡಿ ಮರ್ಯಾದೆ ಕಳಕೊಳ್ಳಲಾ?" ಎಂದು ನನ್ನ ಮೇಲೆ ಹಾರಿ, ಮತ್ತೆ ದೇವಕಿಯತ್ತ ತಿರುಗಿ, "ತಮ್ಮ ಪುತ್ರಿಯ ವಿವಾಹದ ವಿಚಾರವೇನಾಯಿತು?" ಎಂದಳು.

ದೇವಕಿ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲೀಲಮ್ಮನಿಗೂ ತಿಳಿಯಿತು. ಹಳೆಯ ಹಾಗೆ ಆಡಲು ನೋಡಿದಳು, ಬರಲಿಲ್ಲ. ಕೇಳುವ ಕಿವಿಯೊಂದು ಇದೆಯೆಂದು ಗೊತ್ತಾದ ಮೇಲೆ ಬಾಯಿ ತಾನಾಗಿ ತೆರೆಯುವುದಿಲ್ಲ. ಆಮೇಲೆ ಎರಡು ಸಲ ಹೋದಳು. ಪ್ರತಿ ಸಲವೂ "ಇದನ್ನ ಬರಕೋಬೇಡ, ಇದನ್ನ ಬರಕೋ" ಎನ್ನುತ್ತಿದ್ದಳು. ಕೊನೆಗೆ ಇಬ್ಬರೂ ಟಿ.ವಿ. ಹಾಕಿಕೊಂಡು ಕೂತರು.

ಫೆಬ್ರವರಿ ಕೊನೆಯ ವಾರ ನಾನೊಬ್ಬನೇ ಹೋದೆ. ಮೇಜಿನ ಮೇಲೆ ಒಂದೇ ಹಾಳೆ. ಮೇಲಿನ ಸಾಲಿನಲ್ಲಿ 'ಬೋರಮ್ಮ ಅಂದಳು' ಎಂದಿತ್ತು, ಕೆಳಗೆಲ್ಲ ಬಿಳುಪು. ದಕ್ಷಿಣಾಮೂರ್ತಿಯವರು ಅದರ ಮೇಲೆ ಲೋಟ ಇಡುವುದಕ್ಕೂ ಹೆದರಿ, ಕಾಫಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

"ದೇವಕಮ್ಮ, ಮೂವತ್ತು ವರ್ಷ ನಿಮ್ಮ ಬರಹ ಓದಿದೀನಿ. ಲೀಲಾಳ ಜೊತೆ ನಲವತ್ತು ವರ್ಷ ಬಾಳಿದೀನಿ. ಅವಳು ಬಾಗಿಲಲ್ಲಿ ನಿಂತು ಏನಂತಾಳೆ ಅನ್ನೋದು ನನ್ನ ಕಿವಿಯಲ್ಲೇ ಇದೆ. ನಾನು ಬರೆದುಕೊಡ್ತೀನಿ. ಮೂರು ಕಂತೂ ಬರೀತೀನಿ. ನೀವು ತಿದ್ದಿ. ಬೆಂಗಳೂರಿನ ಯಾರೋ ಮುಗಿಸೋದಕ್ಕಿಂತ ಮನೆಯವನು ಮುಗಿಸೋದು ವಾಸಿ," ಎಂದೆ.

 ದೇವಕಿ ಆ ಹಾಳೆಯನ್ನು ನನ್ನ ಕಡೆಗಲ್ಲ, ತನ್ನ ಕಡೆಗೆ ಎಳೆದುಕೊಂಡಳು.

"ಬೇಡ ಶಂಕರಪ್ಪಣ್ಣ. ನೀವು ಬರೆದರೆ ಚೆನ್ನಾಗೇ ಬರೀತೀರಿ, ಅದೇ ನನಗೆ ಭಯ. ಬೆಂಗಳೂರಿನವರು ಮುಗಿಸಿದರೆ ಅದು ನನ್ನದಲ್ಲ ಅಂತ ನನಗೆ ಗೊತ್ತಿರತ್ತೆ. ನೀವು ಮುಗಿಸಿದರೆ ನನ್ನದೇ ಅಂತ ನಾನೇ ನಂಬಿಬಿಡ್ತೀನಿ. ನನ್ನ ಕೈಲಾಗಲಿಲ್ಲ ಅಂತ ನಾನೇ ಫೋನು ಮಾಡಿ ಹೇಳ್ತೀನಿ. ನೀವು ಕಾಫಿ ಕುಡಿದು ಹೊರಡಿ."