ಹರಿಕೇನ್ ಬಿದ್ದ ಕತೆಯ ನಾಲ್ಕನೆಯ ಪಾಠ

ಡಿಸೆಂಬರ್ ತಿಂಗಳು, ಕರಾವಳಿಯ ಹೂಡೆಯ ಹೊಳೆದಂಡೆಯಲ್ಲಿ ಬೆಳಗಿನ ಐದೂವರೆ. ಕವುಚಿ ಹಾಕಿದ ಫೈಬರ್ ದೋಣಿಯೊಂದರ ಪಕ್ಕದಲ್ಲಿ ಬೂಬ ಸಾಲ್ಯಾನ್ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಮೊಣಕೈವರೆಗೆ ತೆಂಗಿನೆಣ್ಣೆ ಮೆತ್ತಿಕೊಂಡಿದ್ದಾರೆ. ಇಲ್ಲವಾದರೆ ಫೈಬರಿನ ಹುಡಿ ಚರ್ಮಕ್ಕೆ ಇಳಿದು ಮೂರು ದಿನ ತುರಿಸುತ್ತದೆ. ಹಳೆಯ ಪೈಂಟಿನ ಡಬ್ಬಕ್ಕೆ ರೆಸಿನ್ ಸುರಿದು, ಅದನ್ನು ಗಟ್ಟಿಯಾಗಿಸುವ ದ್ರವವನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕಿ, ಬಿದಿರಿನ ಕಡ್ಡಿಯಿಂದ ಕಲಸುತ್ತಾರೆ. ಬಿಸಿಲೇರಿದ ಮೇಲೆ ಈ ಕೆಲಸ ಸಾಗದು. ರೆಸಿನ್ ದೋಣಿಯನ್ನು ತಲಪುವ ಮೊದಲೇ ಡಬ್ಬದಲ್ಲಿ ಕಲ್ಲಾಗುತ್ತದೆ.

ಬಂಡೆಗೆ ತಾಗಿ ಸೀಳಿದ ಜಾಗಕ್ಕೆ ಗಾಜಿನ ನಾರಿನ ಹಾಳೆ ಹಾಸಿ, ಬ್ರಷ್‌ನಿಂದ ರೆಸಿನ್ ಕುಡಿಸುತ್ತಾರೆ. ಒಂದರ ಮೇಲೊಂದು ನಾಲ್ಕು ಪದರ. ಹನ್ನೊಂದು ಗಂಟೆಯೊಳಗೆ ಎರಡು ದೋಣಿಗಳ ತೇಪೆ ಮುಗಿಯಬೇಕು. ಅರುವತ್ತೊಂದರ ವಯಸ್ಸಿನಲ್ಲಿ ಇದು ಅವರ ಮೂವತ್ತೇಳನೆಯ ವರ್ಷದ ದೋಣಿ ಕೆಲಸ. ಓದಿದ್ದು ಏಳನೆಯ ತರಗತಿಯವರೆಗೆ. ತಂದೆ ಮರದ ದೋಣಿ ಕಟ್ಟುತ್ತಿದ್ದವರು. ಫೈಬರ್ ಬಂದಾಗ ಮಗ ಆ ಕಡೆಗೆ ತಿರುಗಿದರು. ಸೀಳಿದ ದೋಣಿ ಅವರ ಕೈಗೆ ಬಂದರೆ ಮತ್ತೆ ಸೋರುವುದಿಲ್ಲ ಎಂಬ ಮಾತು ಹೂಡೆಯಿಂದ ಕಾಪುವಿನ ತನಕ ಉಂಟು. ಅದರ ಆಚೆಗೆ ಅವರ ಹೆಸರು ಹೋಗಿಲ್ಲ.

ಗಂಜಿ ಉಂಡು ಒಂದು ಗಳಿಗೆ ಅಡ್ಡಾದ ಮೇಲೆ, ಮಧ್ಯಾಹ್ನ ಮೂರಕ್ಕೆ ಅವರ ಎರಡನೆಯ ದಿನ ಆರಂಭವಾಗುತ್ತದೆ. ಮನೆಯ ಹಿಂದೆ ಶೀಟು ಹೊದೆಸಿದ ಶೆಡ್. ಅದರೊಳಗೆ ಬಡಗಿಗಳು ಬಳಸುವಂಥ ಎರಡು ಮರದ ಕುದುರೆಗಳ ಮೇಲೆ ಒಂದು ಯುದ್ಧವಿಮಾನ ನಿಂತಿದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತೀಯ ವಾಯುಪಡೆಯಲ್ಲಿದ್ದ ಟೆಂಪೆಸ್ಟ್‌ನ ಪ್ರತಿರೂಪ. ನಿಜವಾದದ್ದರ ಐದರಲ್ಲಿ ಒಂದು ಪಾಲು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡೂವರೆ ಮೀಟರ್, ತೂಕ ಹದಿನೇಳು ಕಿಲೋ, ಮೊಂಡು ಮೂತಿಯೊಳಗೆ ಪೆಟ್ರೋಲ್ ಎಂಜಿನ್. ಮೈತುಂಬ, ನಿಜವಾದ ವಿಮಾನದ ತಗಡು ಜೋಡಿಸುವ ಮೊಳೆಗಳ ತಲೆಯಂತೆ, ಹನ್ನೊಂದು ಸಾವಿರದ ನಾನೂರು ರಿವೆಟ್ ಗುರುತುಗಳಿವೆ. ಇಂಜೆಕ್ಷನ್ ಸಿರಿಂಜಿನಿಂದ ಅಂಟಿನ ಒಂದೊಂದು ಹನಿ ಇಟ್ಟು, ಒಣಗಿಸಿ, ಮೇಲೆ ಬಣ್ಣ ಹೊಡೆದು ಮಾಡಿದವು. ಸಿರಿಂಜು ಕೊಟ್ಟ ಮೆಡಿಕಲ್ ಅಂಗಡಿಯವರು ಮೊದಮೊದಲು ಕೇಳಿದರಂತೆ: "ಮನೆಯಲ್ಲಿ ಯಾರಿಗೆ ಸೌಖ್ಯ ಇಲ್ಲ?"

ಬೂಬ ಅವರ ಹೆಂಡತಿ ಸರಸ, ಬೆಳಿಗ್ಗೆ ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಲೇ ಹೇಳುತ್ತಾರೆ: "ನನ್ನ ಕೈಯಲ್ಲಿ ಮೀನಿನ ಹುರುಪೆ, ಇವರ ಕೈಯಲ್ಲಿ ರಿವೆಟ್. ಒಂದು ತೆಗೆಯಲಿಕ್ಕೆ ನಾನು, ಒಂದು ಅಂಟಿಸಲಿಕ್ಕೆ ಇವರು. ಒಳ್ಳೆಯ ಜೋಡಿ, ಅಲ್ವಾ?"

ಮೂರು ವರ್ಷದ ಕೆಲಸ ಮುಗಿದಿದೆ. ಈಗ ನೆಲದ ಮೇಲೆ ನಿಂತು ರಿಮೋಟ್‌ನಿಂದ ಹಾರಿಸುವ ಕೈ ಬೇಕು. ಬೂಬ ಅವರಿಗೆ ಕಟ್ಟಲು ಬರುತ್ತದೆ, ಹಾರಿಸಲು ಬಾರದು. ಮಣಿಪಾಲದ ಮಾದರಿ ವಿಮಾನದ ಹವ್ಯಾಸಿಗಳು ಎರಡು ಸಲ ಬಂದು, ತಾವು ಹಾರಿಸಿಕೊಡುತ್ತೇವೆಂದರು. ಬೂಬ ಒಪ್ಪಲಿಲ್ಲ. ಅವರಿಗೆ ಬೇಕಾದವರು ಒಬ್ಬರೇ, ಕೆಮ್ಮಣ್ಣಿನ ಕಜೆಟನ್ ಲೋಬೊ. ಆ ಕಜೆಟನ್ ಏಳು ವರ್ಷಗಳಿಂದ ರಿಮೋಟ್ ಮುಟ್ಟಿಲ್ಲ. ಯಾಕೆ ಮುಟ್ಟಿಲ್ಲ ಎಂಬುದಕ್ಕೆ ಊರಲ್ಲಿ ಎಲ್ಲರ ಬಳಿಯೂ ಉತ್ತರವಿದೆ. ಆ ಉತ್ತರ ತಪ್ಪೆಂದು ಬಲ್ಲವರು ಬೂಬ ಮತ್ತು ಸರಸ ಇಬ್ಬರೇ.

ಕಜೆಟನ್ ಬಹರೈನಿನ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಗಾಡಿಗಳ ಮೆಕ್ಯಾನಿಕ್ ಆಗಿ ಇಪ್ಪತ್ತೆರಡು ವರ್ಷ ದುಡಿದವರು. ಶುಕ್ರವಾರದ ರಜೆಯಲ್ಲಿ ಮರಳುಗಾಡಿಗೆ ಹೋಗಿ ಮಾದರಿ ವಿಮಾನ ಹಾರಿಸುವ ಗುಂಪೊಂದನ್ನು ಸೇರಿ, ಅದರಲ್ಲಿ ಪಳಗಿದರು. ಊರಿಗೆ ಮರಳಿದಾಗ ಪೆಟ್ಟಿಗೆಯಲ್ಲಿ ಒಂದು ರಿಮೋಟ್ ಮತ್ತು ಹರಿಕೇನ್ ಎಂಬ ಹಳೆಯ ಯುದ್ಧವಿಮಾನದ ಮಾದರಿಯ ನಕ್ಷೆ ಇತ್ತು. ನಕ್ಷೆ ಹಿಡಿದು ನೇರವಾಗಿ ಹೂಡೆಗೆ ಬಂದರು. "ದೋಣಿಯ ಹೊಟ್ಟೆ ಮಾಡುವವನಿಗೆ ಇದರ ಹೊಟ್ಟೆ ಎಂತ ಕಷ್ಟ ಬೂಬ?" ಎಂದರು. ಕ್ರೈಸ್ತ ಗೃಹಸ್ಥರನ್ನು ತುಳುವರು ಕರೆಯುವ ರೀತಿಯಲ್ಲಿ ಕಜೆಟನ್ ಅವರನ್ನು ಬೂಬ ಪೊರ್ಬುಗಳೇ ಎನ್ನುತ್ತಾರೆ. "ಪೊರ್ಬುಗಳೇ, ನೀರಿನಲ್ಲಿ ಹೋಗುವುದಾದರೆ ಮಾಡಿಕೊಡುವೆ" ಎಂದು ನಕ್ಕರಂತೆ. ಒಂದೂವರೆ ವರ್ಷದಲ್ಲಿ ಹರಿಕೇನ್ ಸಿದ್ಧವಾಯಿತು. ಇನ್ನಂಜೆಯ ಕೊಯ್ಲಾದ ಬಯಲಿನಲ್ಲಿ, ಸುಮಾರು ಇನ್ನೂರು ಜನರ ಎದುರು, ಅದು ಏರಿದ ಒಂಬತ್ತನೆಯ ಸೆಕೆಂಡಿಗೆ ಬಿದ್ದು ಚೂರಾಯಿತು.

ಬಿದ್ದ ಮೇಲೆ ಕತೆ ಎದ್ದಿತು. ಅದರ ಮೂರು ಪಾಠಗಳು ಇಂದಿಗೂ ಚಾಲ್ತಿಯಲ್ಲಿವೆ. ಇನ್ನಂಜೆಯವರ ಪಾಠದಲ್ಲಿ, ವಿಮಾನ ಏರುತ್ತಿದ್ದಾಗಲೇ ಪಕ್ಕದ ರೈಲು ಕೂಗಿತು, ಪೊರ್ಬುಗಳು ಬೆಚ್ಚಿದರು, ಕೈ ತಪ್ಪಿತು. ಹೂಡೆಯವರ ಪಾಠದಲ್ಲಿ ರೈಲಿಲ್ಲ. ಬದಲಿಗೆ ಗಿಡುಗವೊಂದು ವಿಮಾನದ ಮೇಲೆ ಎರಗುತ್ತದೆ, ಪೊರ್ಬುಗಳು ಹಕ್ಕಿಯನ್ನು ನೋಡುತ್ತಾ ರಿಮೋಟನ್ನು ಮರೆಯುತ್ತಾರೆ. ಬನ್ನಂಜೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೇಳಿಬರುವ ಪಾಠ ಎಲ್ಲಕ್ಕಿಂತ ಚಿಕ್ಕದು: "ಹಿಂದಿನ ದಿನದ್ದು ಇಳಿದಿರಲಿಲ್ಲ ಮಾರಾಯ್ರೇ." ಕಜೆಟನ್ ಕುಡಿಯುವವರಲ್ಲ ಎಂಬುದು ಹೇಳುವವರಿಗೂ ಗೊತ್ತು. ಮೂರೂ ಪಾಠಗಳು ಒಂದು ಕಡೆ ಕೂಡುತ್ತವೆ: ತಪ್ಪಿದ್ದು ಕಜೆಟನ್ ಅವರ ಕೈ.

ಕೇಳುತ್ತಾ ಕೇಳುತ್ತಾ ಕಜೆಟನ್ ಕೂಡ ಅದನ್ನೇ ನಂಬಿದರು. ರಿಮೋಟನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ಸ್ಕೂಟರ್ ಓಡಿಸುವುದನ್ನೂ ನಿಲ್ಲಿಸಿದರು. ಅವರ ಹೆಂಡತಿ ಆಂಜೆಲಾ ಹೇಳುವಂತೆ, "ಕೂತಲ್ಲೇ ಎರಡು ಕೈ ಮುಂದೆ ಚಾಚಿ ನೋಡುತ್ತಾರೆ. ನಡುಗುತ್ತದಾ ಅಂತ ನನ್ನ ಹತ್ತಿರ ಕೇಳುತ್ತಾರೆ. ಇಲ್ಲ ಅಂದರೆ, ನೀನು ಸಮಾಧಾನಕ್ಕೆ ಹೇಳುವುದು ಅನ್ನುತ್ತಾರೆ."

ನಾಲ್ಕನೆಯ ಪಾಠ ಬೂಬ ಅವರ ಬಳಿ ಇತ್ತು. ಮಾದರಿ ವಿಮಾನವನ್ನು ಹಾರಿಸುವ ಮೊದಲು ಅದರ ತೂಕ ನಿಲ್ಲುವ ಜಾಗವನ್ನು ಪರೀಕ್ಷಿಸುತ್ತಾರೆ. ನಕ್ಷೆಯಲ್ಲಿ ಗುರುತಿಸಿದ ಕಡೆ, ಎರಡೂ ರೆಕ್ಕೆಗಳ ಕೆಳಗೆ ಬೆರಳ ತುದಿಯಿಟ್ಟು ಎತ್ತಿದಾಗ ಮೂತಿ ಸ್ವಲ್ಪ ಕೆಳಕ್ಕೆ ಬಾಗಬೇಕು. ಬಾಗದಿದ್ದರೆ ಮೂತಿಯೊಳಗೆ ಸೀಸ ತುಂಬುತ್ತಾರೆ. ಹರಿಕೇನ್‌ಗೆ ಬೇಕಾದ ಸೀಸವನ್ನು ಬೂಬ ಹಳೆಯ ಬಲೆಯಿಂದ ತೆಗೆದಿದ್ದರು: ಬಲೆ ಮುಳುಗಲೆಂದು ಕಟ್ಟುವ, ಐವತ್ತು ಗ್ರಾಮಿನ ಒಂಬತ್ತು ಗುಂಡುಗಳು. ಕಜೆಟನ್ ತೂಗಿ, ಸರಿಯಿದೆಯೆಂದು ಹೇಳಿ ಹೋಗಿದ್ದರು.

ಮರುದಿನ ಹಾರಾಟ. ಸಂಜೆ ಬೂಬ ಒಬ್ಬರೇ ಅದರ ಎದುರು ಕುಳಿತು ನೋಡಿದರು. ಮತ್ತೊಮ್ಮೆ ಬೆರಳ ಮೇಲೆ ಎತ್ತಿದರು. ಮೂತಿ ಬಗ್ಗಿತು. ದೋಣಿಯವರ ಕಣ್ಣಿಗೆ ಅದನ್ನು ಸಹಿಸಲಾಗಲಿಲ್ಲ. "ದೋಣಿಗೆ ಮೂತಿ ಎದ್ದಿರಬೇಕು. ಬಗ್ಗಿದರೆ ತೆರೆಯ ಹೊಟ್ಟೆಗೇ ಹೊಕ್ಕುತ್ತದೆ, ಮತ್ತೆ ಜನ ಉಂಟಾ?" ಎನ್ನುತ್ತಾರೆ ಅವರು. "ನನ್ನಪ್ಪ ನನಗೆ ಮೊದಲು ಕಲಿಸಿದ್ದೇ ಅದು. ಪೊರ್ಬುಗಳು ಗಾಡಿ ರಿಪೇರಿ ಮಾಡಿದವರು, ಅವರಿಗೆ ಎಂತ ಗೊತ್ತು ಅಂತ ಅನಿಸಿತು. ಒಂಬತ್ತೂ ತೆಗೆದು ಕಿಸೆಗೆ ಹಾಕಿಕೊಂಡೆ." ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ವಿಮಾನ ನೆಲ ಬಿಟ್ಟದ್ದೇ ಮೂತಿಯನ್ನು ಆಕಾಶಕ್ಕೆ ಎತ್ತಿತು, ಇನ್ನೂ ಎತ್ತಿತು, ಗಾಳಿಯಲ್ಲಿ ನಿಂತಿತು, ಪಕ್ಕಕ್ಕೆ ಹೊರಳಿ ಗದ್ದೆಗೆ ಬಿತ್ತು. ಬೂಬ ಓಡಿ ಹೋದಾಗ ಕಜೆಟನ್ ಚೂರುಗಳ ನಡುವೆ ಮೊಣಕಾಲೂರಿ, "ನಾನೇನು ಮಾಡಿದೆ ಬೂಬ? ನಾನೇನು ಮಾಡಿದೆ?" ಎಂದು ಕೇಳುತ್ತಿದ್ದರು. ಬೂಬ ಅವರ ಅಂಗಿಯ ಕಿಸೆ ಆಗಲೂ ಜೋತಾಡುತ್ತಿತ್ತು.

ಆ ಗುಂಡುಗಳನ್ನು ಕಂಡವರು ಸರಸ, ಅಂಗಿ ಒಗೆಯುವಾಗ. ಕೇಳಿದ್ದಕ್ಕೆ ಗಂಡ ಎಲ್ಲವನ್ನೂ ಹೇಳಿದರು. "ಪೊರ್ಬುಗಳಿಗೂ ಹೇಳಿ ಅಂದೆ. ನಾಳೆ ಅಂದರು. ಆ ನಾಳೆಗೆ ಏಳು ವರ್ಷ ಆಯಿತು" ಎನ್ನುತ್ತಾರೆ ಅವರು. ಬೂಬ ತಡವಾದದ್ದಕ್ಕೆ ಕಾರಣ ಕೊಡುವುದಿಲ್ಲ. ಮೊದಲ ವಾರ ನಾಚಿಕೆಯಾಗಿತ್ತು. ಆಮೇಲೆ, ಮೊದಲ ವಾರ ಹೇಳದೆ ಇದ್ದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಅಷ್ಟು ಮಾತ್ರ ಹೇಳುತ್ತಾರೆ.

ಡಿಸೆಂಬರಿನ ಮೂರನೆಯ ವಾರ, ಬರೀ ನೋಡಿ ಹೋಗಲೆಂದು ಬೂಬ ಕರೆದದ್ದಕ್ಕೆ, ಕಜೆಟನ್ ಶೆಡ್‌ಗೆ ಬರುತ್ತಾರೆ. ಬಾಗಿಲಲ್ಲೇ ಷರತ್ತು ಹಾಕುತ್ತಾರೆ: "ನೋಡುತ್ತೇನೆ. ಮುಟ್ಟುವುದಿಲ್ಲ." ಟೆಂಪೆಸ್ಟ್ ಸುತ್ತ ಎರಡು ಸುತ್ತು ಬರುತ್ತಾರೆ. ಮೂರನೆಯ ಸುತ್ತಿನಲ್ಲಿ ಕೈ ತಾನಾಗಿ ರೆಕ್ಕೆಯ ಕೆಳಗೆ ಹೋಗುತ್ತದೆ. ಆಚೆಯ ರೆಕ್ಕೆಗೆ ಬೂಬ ಕೈ ಕೊಡುತ್ತಾರೆ. ಇಬ್ಬರೂ ಬೆರಳ ತುದಿಯಲ್ಲಿ ಎತ್ತುತ್ತಾರೆ. ಮೂತಿ ಎರಡು ಬೆರಳಿನಷ್ಟು ಕೆಳಕ್ಕೆ ಬಾಗುತ್ತದೆ.

"ಸರಿ ಉಂಟು. ಹರಿಕೇನ್‌ಗೂ ಹೀಗೆಯೇ ಇತ್ತು" ಎನ್ನುತ್ತಾರೆ ಕಜೆಟನ್.

"ಇರಲಿಲ್ಲ ಪೊರ್ಬುಗಳೇ."

"ಎಂತ ಇರಲಿಲ್ಲ? ನಾನೇ ತೂಗಿದ್ದಲ್ವಾ?"

"ನೀವು ಹೋದ ಮೇಲೆ ನಾನು ಗುಂಡು ತೆಗೆದೆ. ಒಂಬತ್ತೂ."

ವಿಮಾನವನ್ನು ಇಬ್ಬರೂ ನಿಧಾನವಾಗಿ ಕುದುರೆಯ ಮೇಲೆ ಇಳಿಸುತ್ತಾರೆ. ಕಜೆಟನ್ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಆಮೇಲೆ ಅವರ ದನಿ ಏರುತ್ತದೆ: "ಏಳು ವರ್ಷದಿಂದ ನನ್ನ ಹೆಂಡತಿ ನನಗೆ ಅರ್ಧ ಗ್ಲಾಸ್ ಚಹಾ ಕೊಡುವುದು ಮಾರಾಯ, ಚೆಲ್ಲುತ್ತದೆ ಅಂತ ನಾನೇ ಹೇಳಿ! ಡಾಕ್ಟರಿಗೂ ತೋರಿಸಿದೆ. ನಿಮಗೆ ಏನೂ ಇಲ್ಲ ಅಂದರು. ಅವರಿಗೆ ಗೊತ್ತಿಲ್ಲ ಅಂತ ಇನ್ನೊಬ್ಬರಿಗೆ ತೋರಿಸಿದೆ!" ಸರಸ ಚಹಾ ತರುತ್ತಾರೆ. ಕಜೆಟನ್ ಅದನ್ನು ಮುಟ್ಟದೆ ಹೊರಟುಹೋಗುತ್ತಾರೆ.

ನಾಲ್ಕು ದಿನ ಸುದ್ದಿಯಿಲ್ಲ. ಬೂಬ ಬೆಳಿಗ್ಗೆ ದೋಣಿಗೆ ತೇಪೆ ಹಾಕುತ್ತಾರೆ. ಮೂರು ಗಂಟೆಗೆ ಶೆಡ್‌ನ ಬಾಗಿಲು ತೆಗೆದು, ಏನೂ ಮಾಡದೆ ಕುಳಿತು, ಆರಕ್ಕೆ ಮುಚ್ಚುತ್ತಾರೆ. ಐದನೆಯ ದಿನ ಸ್ಕೂಟರಿನ ಸದ್ದು ಕೇಳುತ್ತದೆ. ಕಜೆಟನ್ ತಾವೇ ಓಡಿಸಿಕೊಂಡು ಬಂದಿದ್ದಾರೆ. ಕಂಕುಳಲ್ಲಿ ಬಟ್ಟೆ ಸುತ್ತಿದ ರಿಮೋಟ್.

"ಸೀಸ ಎಷ್ಟು ಹಾಕಿದ್ದೀ?"

"ಆರುನೂರು ಗ್ರಾಮ್."

"ಹೊರಗೆ ತೆಗೆ. ನನ್ನ ಎದುರು ತೂಗು. ಮತ್ತೆ ನನ್ನ ಎದುರೇ ಹಾಕು. ಹಾಕಿದ ಮೇಲೆ ಮುಚ್ಚಳಕ್ಕೆ ಅಂಟು ಹಚ್ಚಿ ಬಿಡು. ನಿನ್ನ ಅಪ್ಪ ಸ್ವರ್ಗದಿಂದ ಇಳಿದು ಬಂದು ಹೇಳಿದರೂ ತೆಗೆಯಲಿಕ್ಕೆ ಆಗಬಾರದು."

ಬೂಬ ತೂಗುತ್ತಾರೆ. ಸರಸ ಒಳಗಿನಿಂದ ಕೂಗಿ ಹೇಳುತ್ತಾರೆ: "ಪೊರ್ಬುಗಳೇ, ಅವರ ಕಿಸೆಯನ್ನೂ ಒಮ್ಮೆ ನೋಡಿ!" ಕಜೆಟನ್ ನಗುವುದಿಲ್ಲ, ಎದ್ದು ಬಂದು, ಕಿಸೆಯೊಳಗೆ ಕೈ ಹಾಕಿ ನೋಡಿಯೇ ಕೂರುತ್ತಾರೆ.

ಜನವರಿಯ ಎರಡನೆಯ ಭಾನುವಾರ, ಕಾರ್ಕಳದ ಕಡೆಯ ಒಂದು ಪದವು. ಕೆಂಪು ಮುರಕಲ್ಲಿನ ಎತ್ತರದ ಬಯಲು, ಹತ್ತಿರದಲ್ಲಿ ಮನೆಗಳಿಲ್ಲ. ಸ್ಥಳದ ಯಜಮಾನರ ಒಪ್ಪಿಗೆಯಿದೆ, ಠಾಣೆಗೂ ತಿಳಿಸಿ ಆಗಿದೆ. ಬೆಳಿಗ್ಗೆ ಏಳೂಕಾಲು, ಗಾಳಿ ಎದ್ದಿಲ್ಲ. ಸುದ್ದಿ ತಿಳಿದು ಇನ್ನಂಜೆಯಿಂದಲೂ ಜನ ಬಂದಿದ್ದಾರೆ. ಗುಂಪಿನಿಂದ ಒಬ್ಬರು, "ಇವತ್ತು ರೈಲು ಇಲ್ಲ ಪೊರ್ಬುಗಳೇ, ಹೆದರಬೇಡಿ!" ಎನ್ನುತ್ತಾರೆ. ಹಲವರು ನಗುತ್ತಾರೆ.

ಬೂಬ ಆ ಕಡೆಗೆ ತಿರುಗುತ್ತಾರೆ. ಗುಂಪಿನ ಎದುರು ನಿಂತು ಮಾತನಾಡಿ ರೂಢಿಯಿಲ್ಲದವರು. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. "ಅವತ್ತೂ ರೈಲಿನದ್ದು ತಪ್ಪಲ್ಲ. ಪೊರ್ಬುಗಳದ್ದೂ ಅಲ್ಲ. ಮೂತಿಯ ಭಾರ ತೆಗೆದದ್ದು ನಾನು. ದೋಣಿ ಅಂತ ಎಣಿಸಿದೆ." ನಗು ನಿಲ್ಲುತ್ತದೆ. ಕಜೆಟನ್ ತಲೆಯೆತ್ತದೆ ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ.

ಎಂಜಿನ್ ಮೊದಲ ತಿರುವಿಗೇ ಹಿಡಿಯುತ್ತದೆ. ಟೆಂಪೆಸ್ಟ್ ಓಡುತ್ತದೆ, ಬಾಲ ಎತ್ತುತ್ತದೆ, ನೆಲ ಬಿಡುತ್ತದೆ. ಮೂತಿ ಎಲ್ಲಿರಬೇಕೋ ಅಲ್ಲಿದೆ. ಬೂಬ ಬಾಯಿಯೊಳಗೇ ಎಣಿಸುತ್ತಿದ್ದಾರೆ; ಒಂಬತ್ತು ದಾಟಿದ ಮೇಲೆ ಎಣಿಕೆ ಬಿಡುತ್ತಾರೆ. ಆರು ನಿಮಿಷ ಹಾರಾಟ. ಪದವಿನ ಮೇಲೆ ನಾಲ್ಕು ಸುತ್ತು. ಒಮ್ಮೆ ತಲೆಯ ಮಟ್ಟಕ್ಕೆ ಇಳಿದು ರೊಂಯ್ಯನೆ ಹಾದುಹೋಗುತ್ತದೆ. ಇಳಿಯುವಾಗ ಎಡ ಚಕ್ರ ಮುರಕಲ್ಲಿನ ಗುಂಡಿಗೆ ಸಿಕ್ಕಿ, ಕಾಲು ಮಡಚಿ, ವಿಮಾನ ಮುಗ್ಗರಿಸುತ್ತದೆ. ಪ್ರೊಪೆಲ್ಲರ್ ಎರಡು ತುಂಡು. ಉಳಿದದ್ದಕ್ಕೆ ಏನೂ ಆಗಿಲ್ಲ.

ಎಲ್ಲರಿಗಿಂತ ಮೊದಲು ಕಜೆಟನ್ ತಲಪುತ್ತಾರೆ. ಪ್ರೊಪೆಲ್ಲರಿನ ಒಂದು ತುಂಡನ್ನು ಮೇಲೆತ್ತಿ ಹಿಡಿದು, ಅರುವತ್ತಾರರ ಆ ಮನುಷ್ಯ ಬಹಳ ಸಂತೋಷದಿಂದ ಕೂಗುತ್ತಾರೆ: "ಇದು ನನ್ನದು! ಗಾಳಿ ನೋಡಿದೆ, ನೆಲ ನೋಡಲಿಲ್ಲ. ಈ ತಪ್ಪು ನನ್ನದು, ಬೂಬ. ಇದನ್ನು ನೀನು ತೆಗೆದುಕೊಳ್ಳಬಾರದು!"

ಬೂಬ ಮಡಚಿದ ಚಕ್ರದ ಕಾಲನ್ನು ಮುಟ್ಟಿ ನೋಡುತ್ತಿದ್ದಾರೆ. ಅದರ ಬುಡಕ್ಕೆ ಫೈಬರಿನ ಎರಡು ಪದರ ಹೆಚ್ಚು ಹಾಕಬೇಕು, ಮಳೆಗಾಲದ ಮೊದಲು ಆಗುತ್ತದೆ ಎನ್ನುತ್ತಾರೆ. ಈ ಬರಹದ ಜೊತೆ ಪತ್ರಿಕೆಗೆ ಅವರದೊಂದು ಚಿತ್ರ ಬೇಕೆಂದು ಕೇಳಿದಾಗ ಎಂಜಿನ್ನಿನ ಎಣ್ಣೆ ಮೆತ್ತಿದ ಕೈಯಾಡಿಸಿ ಬೇಡವೆನ್ನುತ್ತಾರೆ.

"ನನ್ನ ಫೋಟೊ ಎಂತಕ್ಕೆ? ಹರಿಕೇನ್ ಬಿದ್ದದ್ದು ಬೂಬನಿಂದ ಅಂತ ಒಂದು ಸಾಲು ಬರಲಿ, ಸಾಕು. ಅಕ್ಷರ ಮಾತ್ರ ಸ್ವಲ್ಪ ದಪ್ಪ ಇರಲಿ. ಪೊರ್ಬುಗಳಿಗೆ ಕನ್ನಡಕ ಇಲ್ಲದೆ ಓದಲಿಕ್ಕೆ ಆಗಬೇಕು."