ಲಿಲ್ಲಿಬಾಯಿಯ ಮುಖ ಹುಡುಕಿದ ಮೂರು ದಿನ

ಕೊರೋನಾ ಕಳೆದು ಎರಡನೆಯ ವರ್ಷ. ಬಿಜೈಯ ಸರಕಾರಿ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರಲು ತೊಡಗಿ ಆಗ ಹದಿನೆಂಟು ವರ್ಷವಾಗಿತ್ತು. ಕ್ಯಾಮರಾ ಹಿಡಿಯುವುದು ಧಣಿ ಲ್ಯಾನ್ಸಿ ಸರ್. ಅವರು ತಂದ ಫೋಟೋಗಳನ್ನು ಆರಿಸಿ, ತಿದ್ದಿ, ಆಲ್ಬಮ್ಮಿಗೆ ಕಳಿಸುವುದು ನನ್ನ ಕೆಲಸ. ಜೊತೆಗೆ ದಿನಚರಿ ಬರೆಯುವ ಅಭ್ಯಾಸ. ಯಾವ ಮದುವೆಯ ಮೆಮೊರಿ ಕಾರ್ಡ್ ಬಂತು, ಯಾರು ಪೆನ್‌ಡ್ರೈವ್ ಒಯ್ದರು, ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಬುತ್ತಿಗೆ ಬಂಗುಡೆ ಮೀನೋ ತೊಂಡೆಕಾಯಿಯೋ, ಎಲ್ಲವನ್ನೂ ಬರೆದಿಡುತ್ತೇನೆ.

ಹಳೆಯ ಕಂಪ್ಯೂಟರ್ ತೀರಾ ನಿಧಾನವಾದಾಗ ರಿಪೇರಿಯ ಅಶ್ರಫ್ ಬಂದು ಅದಕ್ಕೆ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ್ದರು. ಮೌಸಿನಿಂದ ಒಂದೊಂದೇ ಫೋಟೋ ತೆರೆದು ಚಿಕ್ಕದು ಮಾಡುವ ಬದಲು, ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾವಿರ ಫೋಟೋ ಒಟ್ಟಿಗೆ ಚಿಕ್ಕದಾಗುತ್ತದೆ ಎಂದು ತೋರಿಸಿಕೊಟ್ಟರು. ಅಂತಹ ಸಾಲಿಗೆ ಕಮಾಂಡ್ ಎನ್ನುತ್ತಾರೆ. ಸಾರಿನ ಪುಡಿಯ ಅಳತೆ ಬರೆದುಕೊಳ್ಳುವ ಹಾಗೆ ನಾನು ನಾಲ್ಕೈದು ಕಮಾಂಡುಗಳನ್ನು ದಿನಚರಿಗೆ ಇಳಿಸಿಕೊಂಡೆ. ಅರ್ಥವಾಗಿತ್ತೇ ಎಂದರೆ ಇಲ್ಲ. ಆದರೆ ಕೆಲಸ ಆಗುತ್ತಿತ್ತು.

ಒಂದು ಗುರುವಾರ ಬೆಳಗ್ಗೆ ಐರಿನ್ ಬಂದರು. ಕುವೈತಿನಲ್ಲಿ ನರ್ಸ್. ಅವರ ತಮ್ಮನ ಮದುವೆಯ ಫೋಟೋ ತೆಗೆದದ್ದು ನಾವೇ. ತಾಯಿ ಲಿಲ್ಲಿಬಾಯಿ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು.

“ಸುನೀತಕ್ಕ, ಮಮ್ಮಿಯನ್ನು ಮಣ್ಣು ಮಾಡಿದ ದಿವಸ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿ ಇಟ್ಟದ್ದು. ಅದರಲ್ಲಿ ಮಮ್ಮಿ ಪೊಲೀಸರು ಹಿಡಿದು ತಂದ ಹಾಗೆ ಕಾಣ್ತಾರೆ ಮಾರಾಯ್ರೆ. ಆದಿತ್ಯವಾರ ಇಗರ್ಜಿಯಲ್ಲಿ ತಿಂಗಳ ಪೂಜೆ, ಸೋಮವಾರ ನನ್ನ ಫ್ಲೈಟ್. ಪೂಜೆಗಾದ್ರೂ ಒಂದು ಸರಿಯಾದ ಮುಖ ಬೇಡ್ವಾ?”

“ಮೊಬೈಲಿನಲ್ಲಿ ಒಂದೂ ಇಲ್ವಾ?”

“ಮೊಬೈಲ್ ಎತ್ತಿದ್ರೆ ಮಮ್ಮಿ ಸೆರಗು ಎತ್ತುವುದು. ವೀಡಿಯೋ ಕಾಲ್ ಮಾಡಿದ್ರೆ ನಮಗೆ ಕಾಣುವುದು ಸೀಲಿಂಗ್ ಫ್ಯಾನ್.”

ಮದುವೆಯ ಆಲ್ಬಮ್ಮಿನಲ್ಲಿ ಮನೆಯವರು ಒಂಬತ್ತು ಜನ ನಿಂತ ಒಂದು ಫೋಟೋ ಇತ್ತು. ಅದರಲ್ಲಿ ಮಾತ್ರ ಲಿಲ್ಲಿಬಾಯಿಯ ಮುಖ ಪೂರ್ತಿ ಕಾಣುತ್ತಿತ್ತು, ಆದರೆ ಉಗುರಿನಷ್ಟು. ಒರಿಜಿನಲ್ ಫೈಲ್ ದೊಡ್ಡದು, ಮುಖವನ್ನಷ್ಟೇ ಕತ್ತರಿಸಿ ಪ್ರಿಂಟ್ ಹಾಕಬಹುದು, ನಾಳೆ ಬನ್ನಿ ಎಂದೆ. ಐರಿನ್ ನೆಮ್ಮದಿಯಿಂದ ಹೋದರು.

ಪ್ರಿಂಟ್ ಬಂತು. ಮುಖವಿಲ್ಲ, ಬಣ್ಣದ ಚೌಕಗಳಿದ್ದವು. ಪರದೆಯಲ್ಲಿ ಚೆಂದ ಕಾಣುವ ಫೋಟೋ ಕಾಗದದಲ್ಲಿ ಯಾಕೆ ಹೀಗೆ? ಪ್ರಿಂಟರಿನ ಹೆಡ್ ಒರೆಸಿದೆ. ಕಾಗದ ಬದಲಿಸಿದೆ. ಬೇರೆ ಮದುವೆಯ ಫೋಟೋ ಹಾಕಿದರೆ ಕನ್ನಡಿಯ ಹಾಗೆ ಬಂತು. ಕೊನೆಗೆ ಫೈಲಿನ ಅಳತೆ ನೋಡಿದೆ. ಆರು ಸಾವಿರ ಪಿಕ್ಸೆಲ್ ಅಗಲ ಇರಬೇಕಾದದ್ದು ಎಂಟುನೂರು. ಪಿಕ್ಸೆಲ್ ಎಂದರೆ ಫೋಟೋದ ಒಂದು ಚುಕ್ಕಿ. ಆ ಲೆಕ್ಕದಲ್ಲಿ ಲಿಲ್ಲಿಬಾಯಿಯ ಮುಖದ ಅಗಲಕ್ಕೆ ಉಳಿದದ್ದು ಸುಮಾರು ನಲವತ್ತು ಚುಕ್ಕಿ. ಆ ಮದುವೆಯ ಆಲ್ಬಮ್ಮಿನ ಪ್ರತಿ ಫೋಟೋವೂ ಹಾಗೆಯೇ ಕುಗ್ಗಿ ಕೂತಿತ್ತು.

ಲ್ಯಾನ್ಸಿ ಸರ್ ಬ್ಯಾಕಪ್ ಡಿಸ್ಕ್ ತಂದರು. ಅದರಲ್ಲೂ ಎಂಟುನೂರೇ. ಕುಗ್ಗಿದ ಮೇಲೆಯೇ ನಾವು ಬ್ಯಾಕಪ್ ತೆಗೆದಿರಬೇಕು. ಮೆಮೊರಿ ಕಾರ್ಡಿನ ಮೇಲಂತೂ ಎಷ್ಟೋ ಮದುವೆ ಬಂದು ಹೋಗಿದ್ದವು. ಅಶ್ರಫ್‌ಗೆ ಫೋನ್ ಮಾಡಿದೆ.

“ಚಿಕ್ಕದು ಮಾಡುವ ಮೊದಲು ಕಾಪಿ ತೆಗೆದ್ರಾ?”

“ಎಂತ ಕಾಪಿ?”

“ನಾನು ಹೇಳಿದ್ದೆನಲ್ಲ ಮಾರಾಯ್ರೆ! ಕನ್ವರ್ಟ್ ಕಮಾಂಡ್ ಹೊಸ ಫೈಲ್ ಮಾಡಿ ಕೊಡ್ತದೆ. ನೀವು ಹಾಕಿದ ಮೊಗ್ರಿಫೈ ಹಾಗಲ್ಲ, ಇದ್ದದ್ದನ್ನೇ ತೆಗೆದು ಅದೇ ಜಾಗದಲ್ಲಿ ತಾನು ಕೂತುಕೊಳ್ತದೆ. ಮೊದಲು ಕಾಪಿ ತೆಗೀಬೇಕು ಅಂತ.”

ಹಳೆಯ ದಿನಚರಿ ತೆಗೆದು ಆ ದಿನದ ಪುಟ ನೋಡಿದೆ. ಮೊಗ್ರಿಫೈ ಕಮಾಂಡ್ ಚುಕ್ಕಿ ಗೆರೆ ಬಿಡದೆ ಇತ್ತು. ಅದರ ಕೆಳಗೆ ಹೀಗಿತ್ತು: “ಅಶ್ರಫ್ ಬಂದದ್ದು ಹನ್ನೊಂದಕ್ಕೆ. ಚಹಾಕ್ಕೆ ಸಕ್ಕರೆ ಬೇಡ ಅಂದರು.” ಸಕ್ಕರೆ ಬೇಡ ಎಂದದ್ದನ್ನು ಬರೆದಿದ್ದೆ, ಕಾಪಿ ಬೇಕು ಎಂದದ್ದನ್ನು ಬರೆದಿರಲಿಲ್ಲ. ಮುಂದೊಂದು ದಿನದ ಪುಟದಲ್ಲಿ, “ಐರಿನ್ ತಮ್ಮನ ಮದುವೆ, ಕುವೈತಿಗೆ ವಾಟ್ಸಾಪ್ ಮಾಡಲು ಚಿಕ್ಕದು ಮಾಡಿದೆ.” ಅಕ್ಷರ ನನ್ನದೇ.

ಶುಕ್ರವಾರ ಐರಿನ್ ಬಂದಾಗ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಬೈದಿದ್ದರೆ ಒಳ್ಳೆಯದಿತ್ತು. “ಹಾಗಾದ್ರೆ ಮಮ್ಮಿ ಇಲ್ವಾ?” ಎಂದು ಮಾತ್ರ ಕೇಳಿದರು.

ಶನಿವಾರ ಅಶ್ರಫ್ ತಾವಾಗಿಯೇ ಫೋನ್ ಮಾಡಿದರು. “ಕಂಪ್ಯೂಟರ್ ಇಡೀ ಜಾಲಾಡುವ. ನಾಲ್ಕು ಎಂಬಿಗಿಂತ ದೊಡ್ಡ, ಅಂದ್ರೆ ಕುಗ್ಗದ ಫೋಟೋ ಎಲ್ಲೆಲ್ಲಿ ಉಂಟು ಅಂತ ಫೈಂಡ್ ಕಮಾಂಡ್ ಹೇಳ್ತದೆ” ಎಂದು ಒಂದೊಂದೇ ಅಕ್ಷರ ಬರೆಸಿದರು. ಒತ್ತಿದೆ. ನದಿಗೆ ನೆರೆ ಬಂದ ಹಾಗೆ ಸಾಲುಗಳು ಓಡಿದವು. ನಡುನಡುವೆ ಅನುಮತಿ ಇಲ್ಲ ಎಂಬ ಗದರಿಕೆ. ಯಾರ ಮದುವೆ, ಯಾರ ನಾಮಕರಣ, ಒಂದೂ ತಿಳಿಯಲಿಲ್ಲ. ಓದಲಾಗದೆ ನಿಲ್ಲಿಸಿದೆ.

“ಆ ಮದುವೆಯ ಫೋಲ್ಡರಿನ ಒಳಗೆ ಹೋಗಿ ಅಷ್ಟರಲ್ಲೇ ಹುಡುಕಿ” ಎಂದರು.

“ಅದರಲ್ಲಿ ಎಲ್ಲ ಹಾಳಾದದ್ದೇ ಅಲ್ವಾ?”

“ಎಂತ ಹೋಗ್ತದೆ? ಒತ್ತಿ ನೋಡಿ.”

find . -iname "*.jpg" -size +4M

ಖಾಲಿ ಬರುತ್ತದೆ ಎಂದುಕೊಂಡಿದ್ದೆ. ಇನ್ನೂರಕ್ಕೂ ಹೆಚ್ಚು ಸಾಲು ಬಂತು. ಎಲ್ಲವೂ ಆ ಫೋಲ್ಡರಿನೊಳಗಿನ ಇನ್ನೊಂದು ಫೋಲ್ಡರಿನವು. ಅದಕ್ಕೆ ನಾನಿಟ್ಟ ಹೆಸರು ‘ಬೇಡ’. ಕಣ್ಣು ಮುಚ್ಚಿದ್ದು, ಬೆನ್ನು ಬಂದದ್ದು, ಕೈ ಅಡ್ಡ ಬಂದದ್ದು, ಆಲ್ಬಮ್ಮಿಗೆ ಆಗದ ಎಲ್ಲವನ್ನೂ ನಾನು ಅಳಿಸದೆ ಅದರಲ್ಲಿ ಹಾಕಿಡುತ್ತೇನೆ. ಮೊಗ್ರಿಫೈ ಹೊರಗಿನ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಕುಗ್ಗಿಸಿತ್ತು, ಒಳಗಿನದ್ದಕ್ಕೆ ಹೋಗಿರಲಿಲ್ಲ. ಯಾಕೆ ಹೋಗಲಿಲ್ಲ ಎಂದು ಅಶ್ರಫ್ ಎರಡು ಸಲ ವಿವರಿಸಿದರು. ಎರಡು ಸಲವೂ ನಾನು ಹೂಂ ಎಂದೆ.

ಒಂದೊಂದೇ ತೆರೆದೆ. ಲಿಲ್ಲಿಬಾಯಿ ಎಲ್ಲೆಲ್ಲೂ ಇದ್ದರು. ಸೆರಗಿನ ಹಿಂದೆ, ಕಂಬದ ಹಿಂದೆ, ಅಂಗೈಯ ಹಿಂದೆ. ಕೊನೆಗೆ ರೋಸಿನ ಫೋಟೋಗಳು ಬಂದವು. ಮದುವೆಯ ಮುನ್ನಾದಿನ ಮನೆಯಂಗಳದಲ್ಲಿ ಮದುಮಗನಿಗೆ ತೆಂಗಿನ ಹಾಲು ಹಚ್ಚಿ ಹರಸುವುದಕ್ಕೆ ನಮ್ಮೂರ ಕ್ರೈಸ್ತರು ರೋಸ್ ಎನ್ನುತ್ತಾರೆ. ಆ ಒಂದು ಫೋಟೋದಲ್ಲಿ ಲಿಲ್ಲಿಬಾಯಿ ಮಗನ ತಲೆಗೆ ಹಾಲು ಹಚ್ಚಿ ಕ್ಯಾಮರಾದ ಕಡೆ ತಿರುಗಿದ್ದಾರೆ. ಎರಡೂ ಕೈಯಿಂದ ಹಾಲು ತೊಟ್ಟಿಕ್ಕುತ್ತಿದೆ. ಹೊಸ ಸೀರೆ. ಸೆರಗು ಮುಟ್ಟುವ ಹಾಗಿಲ್ಲ, ಮುಖ ಮುಚ್ಚುವ ಹಾಗಿಲ್ಲ. ಸೋತು, ಬಾಯಿ ತುಂಬ ನಗುತ್ತಿದ್ದಾರೆ. ಕಣ್ಣು ಮಾತ್ರ ಪೂರ್ತಿ ಮುಚ್ಚಿದೆ. ಅದಕ್ಕೇ ನಾನು ಅದನ್ನು ‘ಬೇಡ’ಕ್ಕೆ ಹಾಕಿದ್ದೆ.

ಐರಿನ್ ಆಟೋ ಹಿಡಿದು ಬಂದರು. ಪರದೆಯ ಹತ್ತಿರ ಬಗ್ಗಿ ನೋಡಿದರು.

“ಬೇರೆ ಫೋಟೋದಿಂದ ಕಣ್ಣು ತೆಗೆದು ಕೂರಿಸ್ತೇನೆ, ಗೊತ್ತಾಗುವುದಿಲ್ಲ” ಎಂದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

“ಮುಟ್ಬೇಡಿ ಅಕ್ಕ. ಮಮ್ಮಿ ನಗುವಾಗ ಕಣ್ಣು ಯಾವಾಗ ಇತ್ತು?”

ಮುಖ ಮತ್ತು ಕೈಗಳು ಬರುವಂತೆ ಕತ್ತರಿಸಿದೆ. ಈ ಸಲ ಕನ್ವರ್ಟ್‌ನಿಂದ, ಹೊಸ ಹೆಸರಿನ ಫೈಲಿಗೆ, ಅದಕ್ಕೂ ಮೊದಲು ಪೆನ್‌ಡ್ರೈವಿಗೆ ಕಾಪಿ ತೆಗೆದು. ಲ್ಯಾನ್ಸಿ ಸರ್ ತಾವೇ ಫ್ರೇಮ್ ಹಾಕಿಕೊಟ್ಟರು. ಆದಿತ್ಯವಾರದ ಪೂಜೆಗೆ ಲಿಲ್ಲಿಬಾಯಿ ನಗುತ್ತ ಕೂತರು.

ಹೇಳಿದಷ್ಟನ್ನೇ ಮಾಡುವ, ಮಾಡಲೇ ಎಂದು ಒಮ್ಮೆಯೂ ಕೇಳದ ಯಂತ್ರದ ಮುಂದೆ ನಾವೇ ಎರಡು ಸಲ ಕೇಳಿಕೊಳ್ಳಬೇಕು ಎಂಬುದು ಆ ಮೂರು ದಿನ ಕಲಿಸಿದ ಪಾಠ. ಈಗ ಕಮಾಂಡ್ ಬರೆದರೆ ಅದನ್ನು ಹೇಳಿಕೊಟ್ಟವರ ಮಾತನ್ನೂ ಕೆಳಗೆ ಬರೆಯುತ್ತೇನೆ. ಆದರೆ ಇನ್ನೊಂದು ಗೊಂದಲ ಇನ್ನೂ ತೀರಿಲ್ಲ. ಕಣ್ಣು ಮುಚ್ಚಿದ ಫೋಟೋ ಬಂದರೆ ಅದನ್ನು ‘ಬೇಡ’ಕ್ಕೆ ಎಳೆಯುವ ಮೊದಲು ಮೌಸಿನ ಮೇಲಿನ ಕೈ ಈಗಲೂ ನಿಲ್ಲುತ್ತದೆ. ಇದು ಯಾರಿಗೆ ಬೇಡ ಎಂದು ನನಗೆ ಹೇಗೆ ಗೊತ್ತು?